ಕಿಡಕಿ ಬ್ಲೈಂಡ್ಸ್ ಸಾಫ್ ಮಾಡೋದು: ಎರೆಮಣ್ಣಿನ ಧೂಳು, ಕೂಲರಿನ ಬಿಳಿ ಕಲಿ, ಜಾರೋ ದಾರ

ಜೇವರ್ಗಿರಸ್ತೆ:
ಎಲ್ಲಾರಿಗೂ ಶರಣಾರ್ಥಿ. ಮನಿಯೊಳಗ ಮೂರು ಥರದ ಬ್ಲೈಂಡ್ಸ್ ಅವ. ಹಾಲ್‌ಗೆ 4 ಅಡಿ ಅಗಲ, 4 ಅಡಿ ಎತ್ತರದ ಅಲ್ಯೂಮಿನಿಯಂ ವೆನಿಷಿಯನ್, ಅಂದ್ರ 25 ಮಿ.ಮೀ. ಅಡ್ಡ ಪಟ್ಟಿದು. ಮಲಗೋ ಖೋಲಿಗೆ ಬ್ಲ್ಯಾಕ್‌ಔಟ್ ರೋಲರ್, ಅಂದ್ರ ಬೆಳಕು ತಡೆಯೋ, ಕೊಳವಿಗೆ ಸುತ್ತೋ ಬಟ್ಟಿದು. ಅಡಗಿಮನಿಗೆ ಪಿವಿಸಿ ಪಟ್ಟಿದು. ಹಾಲ್‌ನ ಕಿಡಕಿಗೇ ಕೂಲರ್ ಕೂಡಸ್ತೀವಿ, ನೀರು ಬೋರಿಂದು.
ಕೇಳೋದು ಇಷ್ಟು. ಹಸಿ ಅರಬಿಲೆ ಒರೆಸಿದ್ರ ಧೂಳು ಹೋಗಂಗಿಲ್ಲ, ಕೆಸರಿನ ಗೆರಿ ಬೀಳ್ತಾವ. ಒಣಗಿದ ಮ್ಯಾಲ ಬಿಳಿ ಚುಕ್ಕಿ. ರೋಲರ್ ಸುತ್ತುವಾಗ ಬಟ್ಟಿ ಎಡಕ್ಕ ಸರೀತದ. ಪೂರಾ ಬಿಚ್ಚಿ ತೊಳೀಬೇಕೋ, ಅಲ್ಲೇ ಒರೆಸಿದ್ರ ಸಾಕೋ?

ಪರದೆಮೇಸ್ತ್ರಿ:
ಅಣ್ಣಾರ, ನಮ್ಮ ಕಲಬುರಗಿ ಕಡಿ ಧೂಳು ಎರೆಮಣ್ಣಿಂದು. ಅದರ ಕಣ ನೀರು ಕುಡುದು ಉಬ್ಬತಾವ. ಮಳಿ ಆದಾಗ ಹೊಲದಾಗ ಚಪ್ಪಲಿಗೆ ಹತ್ತಿ ಸೇರುಗಟ್ಲೆ ತೂಗ್ತದಲ್ಲ, ಅದೇ ಮಣ್ಣು. ಒಣಗಿದ್ದಾಗ ಹಿಟ್ಟಿನಂಗ ಉದುರ್ತದ, ಹಸಿ ಆತಂದ್ರ ಮೆತ್ಕೊಂಡು ಕೂಡ್ತದ. ಅದಕ್ಕ ನೀರು ಮುಟ್ಟಸೋಕಿಂತ ಮೊದಲ ಎರಡು ಸಲ ಒಣ ಅರಬಿ ಆಡಸ್ಲೇಬೇಕು.

ಫ್ಯಾನ್, ಕೂಲರ್ ಬಂದ್ ಮಾಡ್ರಿ. ಕೆಳಗ ಹಳೇ ಚಾದರ ಹಾಸ್ರಿ. ಬ್ಲೈಂಡ್ ಪೂರಾ ಇಳಿಸಿ, ಪಕ್ಕಕ್ಕ ಇಳಿಬಿದ್ದ ಕೋಲು ತಿರುಗಿಸಿ ಪಟ್ಟಿ ಮುಕ್ಕಾಲು ಮುಚ್ರಿ. ಪೂರಾ ಮುಚ್ಚಬ್ಯಾಡ್ರಿ, ಒಂದರ ಅಂಚು ಇನ್ನೊಂದರ ಮ್ಯಾಲ ಕುಂತ್ರ ಅಷ್ಟಗಲ ಧೂಳು ಹಂಗೇ ಉಳೀತದ. ಮೊದಲ 2 ಇಂಚಿನ ಹೊಸ ಪೇಂಟ್ ಬ್ರಷ್ ತಗೊಂಡು ಮ್ಯಾಲಿಂದ ಕೆಳಗ ಝಾಡಸ್ರಿ. ವ್ಯಾಕ್ಯೂಮ್ ಇದ್ರ ಮೆತ್ತಗಿನ ಬ್ರಷ್ ಮೂತಿ ಹಾಕಿ ಎಳೆಯೋ ಜೋರು ಕಮ್ಮಿ ಇಡ್ರಿ. ಆಮೇಲೆ ಒಣಗಿದ ಮೈಕ್ರೋಫೈಬರ್ ಅರಬಿ. ಪಟ್ಟಿಯ ನಡುವಿನಿಂದ ಅಂಚಿಗೆ ಒರೆಸಬೇಕು, ಇನ್ನೊಂದು ಕೈ ಪಟ್ಟಿ ಹಿಂದ ಆಸರಿ ಇರ್ಬೇಕು. 25 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಹಾಳಿಯಷ್ಟು ತೆಳ್ಳಗ ಇರ್ತದ, ಒಂದ್ಸಲ ಮಡಿಕಿ ಬಿತ್ತಂದ್ರ ಆ ಗೆರಿ ಹೋಗಂಗಿಲ್ಲ. ಒಂದು ಮುಖ ಆದ ಮ್ಯಾಲ ಕೋಲು ಉಲ್ಟಾ ತಿರುಗಿಸಿ ಇನ್ನೊಂದು ಮುಖ.

ನಿಮ್ಮ ಅಳತಿಗೆ ಹತ್ತಿರ ಹತ್ತಿರ 58-60 ಪಟ್ಟಿ ಬರ್ತಾವ, ಎರಡೂ ಮುಖ ಹಿಡಿದ್ರ 120. ಅರಬಿ ಹತ್ತು-ಹನ್ನೆರಡು ಪಟ್ಟಿಗೊಮ್ಮೆ ಮಡಚಿ ಹೊಸ ಮಗ್ಗಲು ತಗೋರಿ, ಇಲ್ಲಂದ್ರ ಅದೇ ಧೂಳು ಊರೆಲ್ಲ ಹಂಚಿದಂಗ.

ಇದು ಎರಡು ಸಲ ಆದ ಮ್ಯಾಲ ಹಸಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಭಾಂಡೆ ತಿಕ್ಕೋ ಲಿಕ್ವಿಡ್ 5 ಮಿ.ಲೀ., ಅಂದ್ರ ಒಂದು ಸಣ್ಣ ಚಮಚ. ಜಾಸ್ತಿ ಹಾಕಿದ್ರ ಜಾಸ್ತಿ ಸಾಫ್ ಆಗ್ತದ ಅನ್ನೋದು ಸುಳ್ಳು. ಉಳಿದ ಸಾಬೂನು ಅಂಟಾಗಿ ವಾರದೊಳಗ ಮತ್ತ ಧೂಳು ಹಿಡೀತದ. ಅರಬಿ ಹಿಂಡಿದಾಗ ಹನಿ ಬೀಳಬಾರದು. ಪಕ್ಕಕ್ಕ ಇನ್ನೊಂದು ಬಕೀಟಿನ್ಯಾಗ ಬರೇ ನೀರು, ಅದರಲೆ ಒಂದು ಕೈ, ಕೂಡ್ಲೇ ಒಣ ಅರಬಿ. ಪಟ್ಟಿಗೆ ಏಣಿದಾರ (ಪಟ್ಟಿಗಳನ್ನ ಹೊತ್ತು ಹಿಡಿಯೋ ಏಣಿಯಂಥ ದಾರ) ತಾಗೋ ಕಡಿ ಕರಿ ಗೆರಿ ಕುಂತಿರ್ತದ, ಅಲ್ಲಿ ಹಲ್ಲು ತಿಕ್ಕೋ ಹಳೇ ಬ್ರಷ್ ಬೇಕು.

ವಾಡಿಜಂಕ್ಷನ್:
ಮೇಸ್ತ್ರಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ಇರೋರಿಗೆ ಮಣ್ಣಿನ ಜೊತೆ ಕಾರ್ಖಾನೆಯ ಸಿಮೆಂಟ್ ಧೂಳೂ ಇರ್ತದೆ. ಅದಕ್ಕೆ ನೀರು ಬಿದ್ದರೆ ಗಟ್ಟಿಯಾಗೇ ಬಿಡ್ತದೆ, ಕೆರೆದರೂ ಬರೋದಿಲ್ಲ. ಮೇಲಾಗಿ ಸಿಮೆಂಟ್ ಕ್ಷಾರ. ಅಲ್ಯೂಮಿನಿಯಂಗೂ ಕ್ಷಾರಕ್ಕೂ ಆಗಿ ಬರೋದಿಲ್ಲ. ಪಟ್ಟಿಯ ಬಣ್ಣ ಎಲ್ಲಿ ಎದ್ದಿರ್ತದೋ, ಸಾಮಾನ್ಯವಾಗಿ ದಾರದ ತೂತಿನ ಸುತ್ತ, ಅಲ್ಲಿ ಬೂದು ಕಲೆ ಶುರುವಾಗ್ತದೆ. ಇಂಥ ಕಡೆ ಬ್ರಷ್‌ಗಿಂತ ವ್ಯಾಕ್ಯೂಮ್ ಮೇಲು. ಬ್ರಷ್ ಧೂಳನ್ನ ಎಬ್ಬಿಸ್ತದೆ ಅಷ್ಟೇ, ಅರ್ಧ ಗಂಟೆಯಲ್ಲಿ ಅದೇ ಜಾಗಕ್ಕೆ ಬಂದು ಕೂಡ್ತದೆ. ಮೂಗಿಗೆ ಮಾಸ್ಕ್ ಇರಲಿ.

ಬಿಸಿಲೂರು:
ಇಷ್ಟೆಲ್ಲ ಯಾಕ್ರೀ? ಬಿಚ್ಚಿ ಮಾಳಗಿ ಮ್ಯಾಲ ಒಯ್ದು ವಾಷಿಂಗ್ ಸೋಡಾ ನೀರಿನಾಗ ಅದ್ದಿ, ಗಾಡಿ ತೊಳೆಯೋ ಪ್ರೆಶರ್ ಪೈಪ್ ಹಿಡಿದ್ರ ಹತ್ತು ನಿಮಿಷದ ಕೆಲಸ. ಬಿಸಿಲಿಗೆ ಒಣಗಿ ಗರಿಗರಿ ಆಗ್ತಾವ.

ನೀರಿನಲೆಕ್ಕ:
ಬಿಸಿಲೂರು ಅವರ ವಿಧಾನದಲ್ಲಿ ಮೂರು ತಪ್ಪುಗಳಿವೆ. ವಾಷಿಂಗ್ ಸೋಡಾ ಕ್ಷಾರ; ಮೇಲೆ ಸಿಮೆಂಟ್‌ಗೆ ಹೇಳಿದ್ದೇ ಇದಕ್ಕೂ, ಬಣ್ಣ ಮಂಕಾಗಿ ಲೋಹ ಕಪ್ಪಾಗುತ್ತದೆ. ಪ್ರೆಶರ್ ಪೈಪ್ ಪಟ್ಟಿಯನ್ನು ಬಗ್ಗಿಸುತ್ತದೆ, ತಲೆಪಟ್ಟಿಯೊಳಗಿನ (ಬ್ಲೈಂಡ್ ತೂಗುವ ಮೇಲ್ತುದಿಯ ಪಟ್ಟಿ) ಗೇರಿಗೆ ಮಣ್ಣುನೀರು ತುಂಬುತ್ತದೆ. ಮೂರನೆಯದು ಬಿಸಿಲು. ಗಟ್ಟಿ ಪಿವಿಸಿ ಸುಮಾರು 75-80 ಡಿಗ್ರಿಗೆ ಮೆತ್ತಗಾಗುತ್ತದೆ, ಅದಕ್ಕಿಂತ ಕೆಳಗೇ ತನ್ನ ಭಾರಕ್ಕೆ ಬಾಗಲು ಶುರುಮಾಡುತ್ತದೆ. ಮೇ ತಿಂಗಳ ಮಧ್ಯಾಹ್ನ ಬರಿಗಾಲು ಇಡಲಾಗದ ಶಹಾಬಾದಿ ಫರಸಿಯ ಮೇಲೆ ಪಿವಿಸಿ ಪಟ್ಟಿ ಹರಡಿದರೆ ಬಾಳೆಕಾಯಿ ಆಕಾರಕ್ಕೆ ಬಂದು ನಿಲ್ಲುತ್ತದೆ.

ಈಗ ಬಿಳಿ ಚುಕ್ಕಿ. ಅದು ನಿಮ್ಮ ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ನಮ್ಮದು ಸುಣ್ಣಕಲ್ಲಿನ ನೆಲ, ಗಡಸು ನೀರು ಬರುವುದು ಸಹಜ. ಹನಿ ಆರಿದಾಗ ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ತಡೆಯಲು ಎರಡು ದಾರಿ: ಹನಿ ಆರುವ ಮೊದಲೇ ಒರೆಸಿ, ಅಥವಾ ಕೊನೆಯ ಒರೆಸುವಿಕೆಗೆ ಮೆದು ನೀರು ಬಳಸಿ. ಮನೆಯಲ್ಲಿ ಎ.ಸಿ. ಇದ್ದರೆ ಪೈಪಿನಿಂದ ಬೀಳುವ ನೀರು ಗಾಳಿಯ ತೇವ ತಣಿದು ಆದದ್ದು, ಅದರಲ್ಲಿ ಲವಣ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಒಂದು ರಾತ್ರಿ ಬಕೀಟು ಇಟ್ಟರೆ ಸಾಕಾಗುವಷ್ಟು ಸಿಗುತ್ತದೆ. ಹಿಡಿದಿಟ್ಟ ಮಳೆನೀರೂ ಆದೀತು. ಆರ್.ಒ. ಯಂತ್ರ ಹೊರಹಾಕುವ ನೀರನ್ನು ಮಾತ್ರ ಬಳಸಬೇಡಿ. ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ.

ಆಗಲೇ ಕೂತ ಚುಕ್ಕಿಗೆ ಬಿಳಿ ವಿನೆಗರ್ 1 ಪಾಲು, ನೀರು 3 ಪಾಲು. ಅರಿವೆಯನ್ನು ಅದರಲ್ಲಿ ಅದ್ದಿ ಹಿಂಡಿ ಚುಕ್ಕಿಯ ಮೇಲೆ 2-3 ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ, ಆಮೇಲೆ ಮೆದು ನೀರು, ಒಣ ಅರಿವೆ. ಹೆಚ್ಚು ಹೊತ್ತು ಬಿಟ್ಟರೆ ಹುಳಿಯೂ ಲೋಹವನ್ನು ತಿನ್ನುತ್ತದೆ. ಕೆಳಗೆ ಶಹಾಬಾದಿ ನೆಲವಿದ್ದರೆ ಪ್ಲಾಸ್ಟಿಕ್ ಹಾಸಲೇಬೇಕು. ಆ ಕಲ್ಲೇ ಸುಣ್ಣಕಲ್ಲು, ವಿನೆಗರ್ ಹನಿ ಬಿದ್ದ ಕಡೆಯೆಲ್ಲ ಹೊಳಪು ಹೋಗಿ ಚುಕ್ಕಿ ಬೀಳುತ್ತದೆ. ಬ್ಲೈಂಡ್ ಸ್ವಚ್ಛವಾಗಿ ನೆಲ ಹಾಳಾದರೆ ಏನು ಬಂತು? ಇನ್ನೊಂದು: ವಿನೆಗರ್ ಮತ್ತು ಬ್ಲೀಚ್ ಎಂದೂ ಕೂಡಬಾರದು, ಕ್ಲೋರಿನ್ ವಿಷಗಾಳಿ ಏಳುತ್ತದೆ.

ಕೂಲರ್ ಕಿಡಕಿಗೆ ಬಿಳಿ ಪದರ ಬೇಗ ಕಟ್ಟಲು ಕಾರಣ ತೊಟ್ಟಿ. ನೀರು ಆವಿಯಾಗುತ್ತ ಹೋದಂತೆ ಲವಣ ತೊಟ್ಟಿಯಲ್ಲೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮೇಲೆ ಹೊಸ ನೀರು ಸುರಿದರೆ ಕಡಿಮೆಯಾಗುವುದಿಲ್ಲ. ಫ್ಯಾನು ಆ ನೀರಿನ ಸಣ್ಣ ಹನಿಗಳನ್ನೇ ಪಟ್ಟಿಯ ಮೇಲೆ ಸಿಂಪಡಿಸುತ್ತದೆ. 3-4 ದಿನಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ತುಂಬಿ.

ಬಿಸಿಲೂರು:
ಪ್ರೆಶರ್ ಪೈಪಿಂದು ಒಪ್ಪಿದೆ. ಆದ್ರ ವರ್ಷಕ್ಕೊಮ್ಮೆನಾದ್ರೂ ಬಿಚ್ಚಿ ತೊಳೀಲಿಲ್ಲಂದ್ರ ಏಣಿದಾರ ಬೆಳ್ಳಗ ಹ್ಯಾಂಗ ಆಗ್ತದ?

ಪರದೆಮೇಸ್ತ್ರಿ:
ಅದು ಖರೇ. ದಾರದ ಹೊಲಸು ಒರೆಸಿದ್ರ ಹೋಗಂಗಿಲ್ಲ, ಬಿಚ್ಚಲೇಬೇಕು. ಅಲ್ಯೂಮಿನಿಯಂ, ಪಿವಿಸಿ ಎರಡೇ ಹಿಂಗ ತೊಳಿಯೋ ಮಾಲು. ಕಟಗಿ ಪಟ್ಟಿಗೆ, ರೋಲರಿಗೆ ಇದನ್ನ ಮಾಡಬ್ಯಾಡ್ರಿ.

ಪಟ್ಟಿ ಅಡ್ಡ ಇರೋಹಂಗ ತೆರೆದು, ಬ್ಲೈಂಡ್ ಪೂರಾ ಮ್ಯಾಲ ಎತ್ತಿ, ಅದರ ದಾರಲೇ ಎರಡು ಸುತ್ತು ಕಟ್ರಿ. ಎರಡೂ ಕೊನಿಯ ಬ್ರಾಕೆಟ್ಟಿಗೆ ಮುಂದ ಒಂದು ಸಣ್ಣ ಬಾಗಲಾ ಇರ್ತದ, ಉಗುರಿಲೆ ಅಥವಾ ಚಪ್ಪಟಿ ಸ್ಕ್ರೂಡ್ರೈವರಿಲೆ ಎತ್ತಿದ್ರ ತೆರೀತದ. ತಲೆಪಟ್ಟಿ ಮುಂದಕ್ಕ ಜಾರಿಸಿ ತಗೀರಿ. 4 ಅಡಿದಕ್ಕ ನಡುವ ಇನ್ನೊಂದು ಆಸರಿ ಬ್ರಾಕೆಟ್ ಇರ್ಬಹುದು, ಮೊದಲ ಅದನ್ನ ಬಿಡಸ್ರಿ. ಕೆಳಗ ಒಬ್ಬರು ಹಿಡೀಲಿಕ್ಕ ಬೇಕು. ಬಾಗಲಾ ಮುರೀತಂದ್ರ ಪ್ಲಾಸ್ಟಿಕ್ ತುಂಡು ಸಿಗೋದು ಕಷ್ಟ, ಬ್ರಾಕೆಟ್ ಜೋಡಿನೇ ತರಬೇಕಾಗ್ತದ.

ಮುಂಜಾನೆ 8 ಆಗೋದ್ರೊಳಗ, ಇಲ್ಲಾ ಹೊತ್ತು ಮುಣುಗಿದ ಮ್ಯಾಲ ತೊಳೀರಿ. ಬಿಸಿಲಿನಾಗ ಸಾಬೂನಿನ ನೀರು ಅಲ್ಲೇ ಆರಿ ಕಲಿ ಕೂಡ್ತದ. ನೆರಳಿನ್ಯಾಗ ಬಟ್ಟಿ ಒಣಹಾಕೋ ತಂತಿಗೆ ಎರಡು ಕೊಕ್ಕಿ ಹಾಕಿ ತಲೆಪಟ್ಟಿ ತೂಗಹಾಕ್ರಿ, ಬ್ಲೈಂಡ್ ಇಳಿಬಿಡ್ರಿ. ತಲೆಪಟ್ಟಿ ಮೊದಲ ಪ್ಲಾಸ್ಟಿಕ್ ಚೀಲಲೆ ಸುತ್ತಿರಬೇಕು. ಅದು ಉಕ್ಕಿಂದು ಇರ್ತದ, ಒಳಗ ನೀರು ನಿಂತ್ರ ಜಂಗು ಹಿಡುದು ಮುಂದ ಬಿಳಿ ದಾರದ ಮ್ಯಾಲ ಕೆಂಪು ಇಳೀತದ. ಮಗ್ಗಿಲೆ ನೀರು ಹಾಕಿ, ಮೆತ್ತಗಿನ ಸ್ಪಂಜಿಲೆ ಮೊದಲು ಹೇಳಿದ ಅಳತಿಯ ಸಾಬೂನು ನೀರು ಆಡಸ್ರಿ. ದಾರಕ್ಕ ಬ್ರಷ್ ಮ್ಯಾಲಿಂದ ಕೆಳಗ ಮಾತ್ರ, ಉಲ್ಟಾ ತಿಕ್ಕಿದ್ರ ಎಳಿ ಬಿಚ್ಚತಾವ. ಅಂಗಡ್ಯಾಗ ಸಿಗೋ ಬಿಳಿ ಮ್ಯಾಜಿಕ್ ಸ್ಪಂಜ್ ಬ್ಯಾಡ, ಅದು ಸಣ್ಣ ಉಪ್ಪುಕಾಗದ ಇದ್ದಂಗ, ಹೊಳಪು ತೆಗೀತದ.

ಒಣಗೋದು ಪಟ್ಟಿ ನೋಡಿ ತೀರ್ಮಾನ ಮಾಡಬ್ಯಾಡ್ರಿ. ಪಟ್ಟಿ ಅರ್ಧ ತಾಸಿಗೆ ಆರ್ತದ. ಏಣಿದಾರ, ಎತ್ತೋ ದಾರ, ಕೆಳಗಿನ ಪಟ್ಟಿಯ ಒಳಗ ನೀರು ಇನ್ನೂ ಇರ್ತದ. ಕೆಳಪಟ್ಟಿಯ ಕೊನಿಯ ಮುಚ್ಚಳ ತಗದು ವಾಲಿಸಿ ನೀರು ಸುರುವ್ರಿ. ದಾರ ಬೆರಳಿಗೆ ತಣ್ಣಗ ಹತ್ತಬಾರದು, ಅಲ್ಲಿತನಕ ಮ್ಯಾಲ ಎತ್ತಬ್ಯಾಡ್ರಿ.

ರೊಟ್ಟಿಬುಟ್ಟಿ:
ಅಡಗಿಮನಿದು ಬ್ಯಾರೆ ಕಥಿ, ಅದನ್ನ ಯಾರೂ ಹೇಳಲಿಲ್ಲ. ಅಲ್ಲಿ ಧೂಳಿನ ಮೊದಲ ಒಗ್ಗರಣಿಯ ಎಣ್ಣಿ ಕೂಡ್ತದ, ಅದರ ಮ್ಯಾಲ ರೊಟ್ಟಿ ಬಡಿಯೋ ಹಿಟ್ಟು, ಅದರ ಮ್ಯಾಲ ಹೊರಗಿನ ಮಣ್ಣು. ಒಣ ಬ್ರಷ್ ಆಡಿಸಿದ್ರ ಉಂಡಿ ಆಗ್ತದ ಹೊರತು ಬರಂಗಿಲ್ಲ. ಇಲ್ಲಿ ಬೆಚ್ಚಗಿನ ನೀರೇ ಬೇಕು, ಕೈಗೆ ಹಿತ ಅನಸೋ ಅಷ್ಟು, 40 ಡಿಗ್ರಿ ಸುತ್ತಮುತ್ತ. ಭಾಂಡೆ ಲಿಕ್ವಿಡ್ ಲೀಟರಿಗೆ ಎರಡು ಸಣ್ಣ ಚಮಚ. ಅರಬಿಲೆ ಹಚ್ಚಿ 5 ನಿಮಿಷ ಬಿಡ್ರಿ, ಜಿಡ್ಡು ತಾನೇ ಸಡಿಲ ಆಗ್ತದ, ಆಮೇಲೆ ಒರೆಸ್ರಿ. ಕುದಿಯೋ ನೀರು ಸುರುವಬ್ಯಾಡ್ರಿ, ಪಿವಿಸಿ ಸೊಟ್ಟ ಆಗ್ತದ. ಸೀಮೆಎಣ್ಣಿ, ಥಿನ್ನರ್ ಹಚ್ಚೋರು ಅದಾರ. ಪಿವಿಸಿ ಮ್ಯಾಲ ಅಂಟಾಗಿ ಮಂಕಾಗ್ತದ, ಒಲಿ ಹತ್ತಿರ ಹಚ್ಚೋದಂತೂ ಹುಚ್ಚುತನ.
ಒಲಿಯ ಉರಿಗೆ 2 ಅಡಿ ಒಳಗ ಬರೋ ಕಿಡಕಿಗೆ ಬ್ಲೈಂಡ್ ಹಾಕದಿರೋದೇ ಛಲೋ. ಹಾಕಿದ್ರ ಬಟ್ಟಿದು ಬ್ಯಾಡ. ಹದಿನೈದು ದಿನಕ್ಕೊಮ್ಮೆ ಒರೆಸಿದ್ರ ಅರ್ಧ ತಾಸು, ಆರು ತಿಂಗಳು ಬಿಟ್ರ ಒಂದು ರವಿವಾರ ಪೂರಾ ಹೋಗ್ತದ.

ಕೆಂಪುಮಣ್ಣು_ಬೀದರ:
ರೋಲರ್ ಬಗ್ಗೆ ನಾನು ಹೇಳ್ತೀನಿ. ಮೊದಲು ಎಡಕ್ಕೆ ಸರಿಯೋದು. ಬ್ರಾಕೆಟ್ ಎರಡೂ ಒಂದೇ ಮಟ್ಟದಲ್ಲಿ ಇವೆಯೇ ಅಂತ ರಸಮಟ್ಟ ಇಟ್ಟು ನೋಡ್ರಿ. ಕೊಳವೆಯ ಮೇಲೇ ಇಡಬೇಕು, ಕಿಡಕಿ ಚೌಕಟ್ಟಿನ ಮೇಲಲ್ಲ, ಚೌಕಟ್ಟು ಸೊಟ್ಟ ಇರೋ ಮನೆಗಳೇ ಹೆಚ್ಚು. 2 ಮಿ.ಮೀ. ವ್ಯತ್ಯಾಸಕ್ಕೂ ಬಟ್ಟೆ ಸರೀತದೆ. ಮಟ್ಟ ಸರಿಯಿದ್ದರೆ ಬಟ್ಟೆ ಪೂರ್ತಿ ಇಳಿಸಿ ಕೊಳವೆ ಕಾಣುವಂತೆ ಮಾಡ್ರಿ. ಎಡಕ್ಕೆ ಸರಿದರೆ ಬಲತುದಿಯಲ್ಲಿ ಕೊಳವೆಗೆ 5 ಸೆಂ.ಮೀ. ಮಾಸ್ಕಿಂಗ್ ಟೇಪ್ ಒಂದು ಪದರ ಅಂಟಿಸ್ರಿ. ಆ ತುದಿ ಕೂದಲೆಳೆಯಷ್ಟು ದಪ್ಪ ಆಗ್ತದೆ, ಬಟ್ಟೆ ದಪ್ಪ ಇರೋ ಕಡೆ ವಾಲ್ತದೆ. ಎರಡು-ಮೂರು ಸಲ ಏರಿಸಿ ಇಳಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಪದರ. ಒಮ್ಮೆಲೆ ನಾಲ್ಕು ಪದರ ಹಾಕಿದರೆ ಬಲಕ್ಕೆ ಓಡ್ತದೆ. ಸರಿಮಾಡದೆ ಬಿಟ್ಟರೆ ಬಟ್ಟೆಯ ಅಂಚು ಬ್ರಾಕೆಟ್ಟಿಗೆ ಉಜ್ಜಿ ಎಳೆ ಎಳೆ ಬರ್ತದೆ, ಆಮೇಲೆ ಬಟ್ಟೆಯೇ ಬದಲಿಸಬೇಕು. ಇಳಿಸಿದಾಗ ಕೊಳವೆಯ ಮೇಲೆ ಒಂದೂವರೆ ಸುತ್ತು ಬಟ್ಟೆ ಯಾವಾಗಲೂ ಉಳಿದಿರಲಿ, ಇಲ್ಲದಿದ್ದರೆ ಭಾರವೆಲ್ಲ ಅಂಟಿನ ಮೇಲೆ ಬೀಳ್ತದೆ.

ಸ್ವಚ್ಛ ಮಾಡೋದು: ಇಳಿಸಿ, ಎರಡೂ ಮುಖ ಮೆತ್ತನೆ ಬ್ರಷ್. ಕಲೆಗೆ ಬಿಳಿ ಅರಿವೆ ಸಾಬೂನು ನೀರಲ್ಲಿ ಅದ್ದಿ ಹಿಂಡಿ, ತಟ್ಟಿ ತಟ್ಟಿ ತೆಗೀರಿ. ಉಜ್ಜಿದರೆ ಕಲೆ ಹರಡ್ತದೆ, ಬ್ಲ್ಯಾಕ್‌ಔಟ್‌ನ ಹಿಂಬದಿಯ ಲೇಪ ಸವೀತದೆ. ಆ ಲೇಪ ಮಡಚಿದರೆ ಬಿರುಕು ಬಿಟ್ಟು, ಮುಂಜಾನೆ ಬಿಸಿಲಿಗೆ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಾಣ್ತವೆ. ಅದಕ್ಕೆ ಔಷಧಿ ಇಲ್ಲ. ಒದ್ದೆಯಾದ ಮೇಲೆ 2-3 ತಾಸು ಇಳಿಬಿಟ್ಟೇ ಇರಲಿ.

ನಮ್ಮ ಕಡೆ ಕೆಂಪುಮಣ್ಣು, ಅಂದರೆ ಕಬ್ಬಿಣ. ತಿಳಿ ಬಣ್ಣದ ಬಟ್ಟೆಗೆ ಹತ್ತಿದ ಕೆಂಪು ಕಲೆಗೆ ಬ್ಲೀಚ್ ಹಾಕಿದರೆ ಹೋಗೋದಿಲ್ಲ, ಇನ್ನೂ ಗಟ್ಟಿಯಾಗಿ ಕೂಡ್ತದೆ. ಕಿರಾಣಿಯಲ್ಲಿ ನಿಂಬೂ ಸತ್ ಅಂತ ಸಿಗೋ ಸಿಟ್ರಿಕ್ ಆಸಿಡ್ ಒಂದು ಸಣ್ಣ ಚಮಚ, ಕಾಲು ಲೀಟರ್ ನೀರಿಗೆ. ಮೊದಲು ಮೇಲಿನ ಅಂಚಿನಲ್ಲಿ ಕಾಣದ ಕಡೆ ಹಚ್ಚಿ ಬಣ್ಣ ಬಿಡ್ತದೋ ನೋಡ್ರಿ. ಬೀದರ ಕೋಟೆಯ ಮಣ್ಣು ಬಿದರಿ ಪಾತ್ರೆ ಕಪ್ಪು ಮಾಡಲಿಕ್ಕೆ ಹೆಸರುವಾಸಿ. ಬ್ಲೈಂಡಿಗೆ ಮಾತ್ರ ಅದರ ಉಪಕಾರ ಬೇಡ.

ನೀರಿನಲೆಕ್ಕ:
ಕೂಲರ್ ಇರುವ ಕೋಣೆಯ ಬಟ್ಟೆ ಬ್ಲೈಂಡಿಗೆ ಕಪ್ಪು ಚುಕ್ಕಿ ಬಂದರೆ ಅದು ಬೂಷ್ಟು. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ 6%. ಚೀಟಿ ನೋಡಿ ಅಷ್ಟೇ ನೀರು ಬೆರೆಸಿದರೆ 3% ಆಗುತ್ತದೆ. ಹತ್ತಿಯಲ್ಲಿ ಅದ್ದಿ ಚುಕ್ಕಿಗೆ ತಟ್ಟಿ 10 ನಿಮಿಷ ಬಿಟ್ಟು ನೀರಲ್ಲಿ ತಟ್ಟಿ. ಗಾಢ ಬಣ್ಣಕ್ಕೆ ಬೇಡ, ಬಣ್ಣ ಎಳೆಯಬಹುದು. ಕೂಲರ್ ಓಡುವಾಗ ಎದುರಿನ ಕಿಡಕಿ ನಾಲ್ಕು ಬೆರಳು ತೆರೆದಿರಲಿ. ತೇವದ ಗಾಳಿ ಹೊರಹೋಗದಿದ್ದರೆ ಕೋಣೆಯೂ ತಣಿಯುವುದಿಲ್ಲ, ಬೂಷ್ಟೂ ಬಿಡುವುದಿಲ್ಲ.

ಜೇವರ್ಗಿರಸ್ತೆ:
ಟೇಪ್ ಹಚ್ಚಿದೆ, ಎರಡು ಪದರಿಗೆ ರೋಲರ್ ಸೀದಾ ಆತು. ಹಾಲಿಂದು ಒಣ ಒರೆತ ಮಾಡೋವಾಗ ಇನ್ನೊಂದು ಕಂಡೆ. ಎತ್ತಿ ಬಿಟ್ರ ದಾರ ನಿಲ್ಲಂಗಿಲ್ಲ, ಮೆಲ್ಲಕ ಜಾರ್ತದ. ಹೊಲಿಗಿ ಮಷೀನ್ ಎಣ್ಣಿ ಬಿಡ್ಲೇನು?

ಪರದೆಮೇಸ್ತ್ರಿ:
ಎಣ್ಣಿ ಬಿಟ್ರ ಕೆಲಸ ಕೆಟ್ಟಂಗೇ! ದಾರ ಹಿಡಿಯೋದೇ ಘರ್ಷಣಿಲೆ. ತಲೆಪಟ್ಟಿಯ ಕೊನಿಗೆ ದಾರ ಹೊರಬೀಳೋ ಕಡಿ ಒಂದು ಗಿಣ್ಣು ಅದ, ಅದರೊಳಗ ಗೆರಿ ಕೊರೆದ ಸಣ್ಣ ಉರುಳಿ. ದಾರ ಬ್ಲೈಂಡಿನ ನಡುವಿನ ಕಡಿ ವಾಲಿಸಿ ಎಳೆದ್ರ ಉರುಳಿ ಮ್ಯಾಲ ಹೋಗಿ ದಾರ ಬಿಡ್ತದ. ನೆಟ್ಟಗ ಬಿಟ್ರ ಕೆಳಗ ಕುಂತು ದಾರ ಅದುಮ್ತದ. ಆ ಗೆರಿಗೋಳಾಗ ಮಣ್ಣು ತುಂಬಿದ್ರ ಜಾರ್ತದ. ಒಣ ಬ್ರಷ್ ಹಾಕಿ, ಸೈಕಲ್ ಪಂಪಿಲೆ ಗಾಳಿ ಹೊಡೀರಿ. ಹತ್ತರಾಗ ಏಳು ಸಲ ಇಷ್ಟಕ್ಕೇ ಸರಿ ಆಗ್ತದ. ಆಗದಿದ್ರ ದಾರ ನೋಡ್ರಿ: ಹಿಡಿಯೋ ಜಾಗದಾಗ ಚಪ್ಪಟಿ ಆಗಿ ಮಿಂಚತಿದ್ರ ದಾರ ಸವದದ. ಸಿಲಿಕಾನ್ ಸ್ಪ್ರೇ ಏನಿದ್ರೂ ಕೋಲು ತಿರುಗಸೋ ಗೇರಿಗೆ ಒಂದು ಪುಸ್, ದಾರಕ್ಕ ತಾಗಬಾರದು.

ದಾರ ಬದಲಿ ಮಾಡೋದು ಅಂಜೋ ಕೆಲಸ ಅಲ್ಲ. ಒಂದೊಂದೇ ದಾರ ಹಿಡೀರಿ. ಉದ್ದದ ಲೆಕ್ಕ: ಬ್ಲೈಂಡಿನ ಎತ್ತರ, ಆ ದಾರದ ತೂತಿನಿಂದ ಗಿಣ್ಣಿನ ತನಕ ಅಳತಿ, ಕೈಗೆ ಸಿಗಬೇಕಾದ ಇಳಿ, ಗಂಟಿಗೆ 30 ಸೆಂ.ಮೀ. ನಿಮ್ದು 122 ಎತ್ತರ. ದೂರದ ತೂತು ಗಿಣ್ಣಿನಿಂದ 105 ಇದ್ರ, ಕೈ ಇಳಿ 80 ಹಿಡಿದ್ರ, 122+105+80+30 ಅಂದ್ರ 337. ಮೂರೂವರಿ ಮೀಟರ್ ತರ್ರಿ. ಹಳೇದರ ದಪ್ಪದ್ದೇ ನೈಲಾನ್ ಇಲ್ಲಾ ಪಾಲಿಯೆಸ್ಟರ್ ಹೆಣಿಗಿ ದಾರ ಬೇಕು, ಹಳೇ ತುಂಡು ಅಂಗಡಿಗೆ ಒಯ್ರಿ. ಹತ್ತಿದು ಬ್ಯಾಡ.

ಬ್ಲೈಂಡ್ ಪೂರಾ ಇಳಿಸಿ, ಕೆಳಪಟ್ಟಿಯ ಗುಬ್ಬಿ (ದಾರದ ಗಂಟು ಮುಚ್ಚೋ ಸಣ್ಣ ಗುಂಡಿ) ತಗದು ಗಂಟು ಬಿಚ್ಚರಿ. ಹಳೇ ದಾರದ ತುದಿ, ಹೊಸಾದರ ತುದಿ ಎರಡೂ ಲೈಟರಿಗೆ ಮೆತ್ತಗ ಕರಗಿಸಿ ತುದಿಗೆ ತುದಿ ಕೂಡಸ್ರಿ, ಉಗುರಿಲೆ ಉರುಳಿಸಿ ನುಣ್ಣಗ ಮಾಡ್ರಿ. ಬೆಸುಗಿ ದಾರಕ್ಕಿಂತ ದಪ್ಪ ಆದ್ರ ಪಟ್ಟಿಯ ತೂತಿನ್ಯಾಗ ಸಿಗೀತದ. ಆಮೇಲೆ ಜಗ್ಗೋ ಕಡಿಯಿಂದ ಹಳೇ ದಾರ ಮೆಲ್ಲಕ ಎಳೀರಿ, ಹೊಸಾದು ಹಿಂದ ಹಿಂದ ಬರ್ತದ. ದಾರ ಏಣಿಯ ಮೆಟ್ಟಲಿನ ಒಂದರ ಎಡಕ್ಕ, ಮುಂದಿನದರ ಬಲಕ್ಕ ಹೋಗಿರ್ಬೇಕು. ಹಳೇದರ ಬೆನ್ನು ಹಿಡಿದ್ರ ಅದು ತಾನೇ ಸರಿ ಬರ್ತದ. ಕಿತ್ತು ಹಾಕಿ ಹೊಸಾದು ಪೋಣಸ್ತೀನಿ ಅಂದ್ರ ಅಲ್ಲೇ ಎಡವೋದು.

ಭೀಮಾತೀರ_ಯಾದಗಿರಿ:
ಉದ್ದ ಪಟ್ಟಿಯ ವರ್ಟಿಕಲ್ ಇರೋರಿಗೆ ಎರಡು ಮಾತು. ಪಟ್ಟಿ ಬಿಚ್ಚುವಾಗ ಕೆಳಗೆ ಜಗ್ಗಬೇಡಿ, ಕೊಕ್ಕೆ ಮುರಿಯೋದೇ ಅಲ್ಲಿ. ಹಳೆಯ ಸಿಮ್ ಕಾರ್ಡಿನ ದೊಡ್ಡ ತುಂಡು ಕೊಕ್ಕೆ ಮತ್ತು ಪಟ್ಟಿಯ ನಡುವೆ ತೂರಿಸಿ, ಪಟ್ಟಿ ತುಸು ಮೇಲೆತ್ತಿ ಇಳಿಸಿದರೆ ಬಿಡುತ್ತೆ. ಪಾಲಿಯೆಸ್ಟರ್ ಪಟ್ಟಿ ತೊಳೆಯುವ ಮೊದಲು ಕೆಳಗಿನ ತೂಕ ತೆಗೆಯಿರಿ. ಸಡಿಲವಾಗಿ ಚಾಪೆ ಸುತ್ತಿದಂತೆ ಸುತ್ತಿ ತಣ್ಣನೆ ಸಾಬೂನು ನೀರಲ್ಲಿ 15 ನಿಮಿಷ ನೆನೆಸಿ, ಹಿಂಡದೆ ತೊಳೆದು, ಒದ್ದೆ ಇರುವಾಗಲೇ ನೇತುಹಾಕಿ.

ವರಾಂಡದ ಬಿದಿರು ಚಿಕ್ಕಿಗೆ, ಅಂದರೆ ಬಿದಿರು ಕಡ್ಡಿಯ ಪರದೆಗೆ, ನೀರು ಬೇಡ, ಒಣ ಬ್ರಷ್ ಸಾಕು. ಕೆಳಗೆ ಹಳದಿ ಹಿಟ್ಟು ಉದುರುತ್ತಿದ್ದರೆ ಧೂಳಲ್ಲ, ಬಿದಿರಿಗೆ ಹುಳ ಹತ್ತಿದೆ. ಉಳಿದವುಗಳಿಂದ ಅದನ್ನು ಬೇರೆ ಇಡಿ. ಹಗ್ಗ ಬಿಸಿಲಿಗೆ ಸತ್ತಿದ್ದರೆ ಮೇದಾರರು ಹೊಸ ಹಗ್ಗದಲ್ಲಿ ಮತ್ತೆ ಕಟ್ಟಿಕೊಡುತ್ತಾರೆ.

ಮಕ್ಕಳಿರುವ ಮನೆಯಲ್ಲಿ ಇಳಿಬಿದ್ದ ದಾರ ಮತ್ತು ಬ್ಲೈಂಡ್ ಎಳೆಯುವ ಮಣಿಸರ ಕೊರಳಿಗೆ ಸಿಗುವ ಅಪಾಯವಿದೆ. ದಾರ ಸುತ್ತುವ ಕೊಕ್ಕೆ ನೆಲದಿಂದ 1.5 ಮೀಟರಿಗಿಂತ ಮೇಲಿರಲಿ, ಮಣಿಸರವನ್ನು ಗೋಡೆಗೆ ಬಿಗಿಹಿಡಿಯುವ ಕ್ಲಿಪ್ ಇರಲಿ. ತೊಟ್ಟಿಲು, ಮಂಚ ಕಿಡಕಿ ಪಕ್ಕ ಬೇಡ.

ರೊಟ್ಟಿಬುಟ್ಟಿ:
ಬಿಚ್ಚಿ ತೊಳೆಯೋದು ಯಾವಾಗ ಅಂತ ಯಾರಾದ್ರೂ ಕೇಳ್ತಾರ, ಮೊದಲೇ ಹೇಳಿಬಿಡ್ತೀನಿ. ತೊಗರಿ ರಾಶಿ ಮುಗಿದ ಮ್ಯಾಲ, ಹೋಳಿ ಆದ ಮ್ಯಾಲ ಬರೋ ಶರಣಬಸಪ್ಪನ ಜಾತ್ರಿಗಿಂತ ಮೊದಲ ಒಮ್ಮೆ; ಆಮೇಲೆ ಕೂಲರ್ ಶುರು ಆಗ್ತದ. ಮಳಿ ನಿಂತು ದಸರಾಕ್ಕ ಮನಿ ಸಾರಸೋವಾಗ ಇನ್ನೊಮ್ಮೆ. ಮೇ-ಜೂನಿನ ಬಿರುಗಾಳ್ಯಾಗ ತೊಳೆದ್ರ ಅದು ವ್ಯರ್ಥ, ಆಗ ಒಣ ಅರಬಿ ಅಷ್ಟೇ.

ಜೇವರ್ಗಿರಸ್ತೆ:
ಪಂಪ್ ಹೊಡದೆ, ದಾರ ನಿಂತದ. ಕಡೀದೊಂದು: ಎದಿ ಎತ್ತರದಾಗ ಒಂದು ಪಟ್ಟಿ ಮಡಚೇದ. ಒಂದೇ ಪಟ್ಟಿ ಅದೇ ಬಣ್ಣದಾಗ ಸಿಗ್ತದೇನು?

ಪರದೆಮೇಸ್ತ್ರಿ:
ಅಂಗಡಿಗೆ ಹೋಗಬ್ಯಾಡ್ರಿ, ಹೊಸ ಪಟ್ಟಿ ತಂದ್ರ ಬಿಸಿಲಿಗೆ ಮಾಸಿದ ಹಳೇ ಬಣ್ಣಕ್ಕ ಕೂಡಂಗಿಲ್ಲ. ಬ್ಲೈಂಡ್ ಇಳಿಸಿದಾಗ ತಳದಾಗ ಎರಡು-ಮೂರು ಪಟ್ಟಿ ಒಂದರ ಮ್ಯಾಲ ಒಂದು ಸುಮ್ಮ ಕುಂತಿರ್ತಾವ, ಅದರಾಗ ಒಂದು ತಗೀರಿ. ಗುಬ್ಬಿ ತಗದು, ಗಂಟು ಬಿಚ್ಚಿ, ಎಲ್ಲಾ ದಾರ ಮಡಚಿದ ಪಟ್ಟಿಯ ತನಕ ಅಷ್ಟೇ ಮ್ಯಾಲ ಎಳಕೊಳ್ರಿ. ಮಡಚಿದ್ದು ಪಕ್ಕಕ್ಕ ಜಾರಿಸಿ ತಗದು ತಳದ್ದು ಅಲ್ಲಿ ಸೇರಸ್ರಿ, ಉಬ್ಬು ಮ್ಯಾಲಿರಲಿ. ದಾರ ವಾಪಸ್ ಇಳಿಸುವಾಗ ಏಣಿಯ ಮೆಟ್ಟಲು ಎಡ-ಬಲ ತಪ್ಪಬಾರದು. ಕಡಿಗೆ ಗಂಟು ಹಾಕೋಕಿಂತ ಮೊದಲ ಕೆಳಪಟ್ಟಿ ಮ್ಯಾಲ ರಸಮಟ್ಟ ಇಡ್ರಿ. ಒಂದು ದಾರ ಅರ್ಧ ಬೆರಳು ಗಿಡ್ಡ ಆದ್ರೂ ಎತ್ತಿದಾಗ ಬ್ಲೈಂಡ್ ಒಂದು ಕಡಿ ವಾಲಿ ನಿಲ್ತದ.